ಗಾಂಜಾ ಕಾನೂನುಬದ್ಧ ಆಗಬೇಕಾ? ಆಗಬೇಕಾದರೆ ಯಾವ ಕಲಂ ತಿದ್ದಬೇಕು?

ತುಂಗಾತೀರ
ಈ ವಿಷಯ ಎತ್ತಿದ ಕೂಡಲೇ ಜನ ಎರಡು ಪಾಳಯ ಆಗಿಬಿಡ್ತಾರೆ. ಒಂದು ಕಡೆ ‘ಶಿವನಿಗೆ ಪ್ರಿಯವಾದ ಸೊಪ್ಪು, ನಿಷೇಧ ಯಾಕೆ’, ಇನ್ನೊಂದು ಕಡೆ ‘ಹುಡುಗರು ಹಾಳಾಗ್ತಿದ್ದಾರೆ, ಇನ್ನೂ ಬಿಗಿ ಮಾಡಿ’. ಕಾಯ್ದೆಯಲ್ಲಿ ಈಗ ಏನಿದೆ, ಬದಲಾಯಿಸೋದಾದರೆ ಎಲ್ಲಿ ಕೈ ಹಾಕಬೇಕು ಅನ್ನೋದನ್ನ ಹೇಳೋರು ಕಡಿಮೆ. ರಾಜ್ಯ ಸರ್ಕಾರ ತಾನಾಗಿ ಮಾರಾಟಕ್ಕೆ ಪರವಾನಗಿ ಕೊಡೋಕೆ ಬರುತ್ತಾ? ಭಂಗಿ (ಎಲೆಯಿಂದ ಮಾಡೋ ಭಾಂಗ್) ಕಾನೂನಿನ ಒಳಗಾ, ಹೊರಗಾ? ಕೆನಡಾ, ಜರ್ಮನಿ, ಥಾಯ್ಲೆಂಡ್ ಮಾಡಿದ್ದರಲ್ಲಿ ನಮಗೆ ಹೊಂದೋದು ಏನಾದ್ರೂ ಇದೆಯಾ? ಬೈದಾಟ ಬೇಡ, ಕಲಂ ನಂಬರ್ ಸಮೇತ ಮಾತಾಡೋಣ.

ಕರಿಕೋಟು
ಮೊದಲ ಪ್ರಶ್ನೆಗೆ ಉತ್ತರ: ನಶೆಗಾಗಿ ಮಾರೋಕೆ ರಾಜ್ಯ ಪರವಾನಗಿ ಕೊಡೋ ಹಾಗಿಲ್ಲ. ಮಾದಕ ವಸ್ತುಗಳನ್ನ ನಿಯಂತ್ರಿಸೋ ಎನ್‌ಡಿಪಿಎಸ್ ಕಾಯ್ದೆ 1985 ಸಂಸತ್ತಿನದು. ಕಲಂ 10 ರಾಜ್ಯಕ್ಕೆ ಗಾಂಜಾ ಬೆಳೆ, ಸಾಗಣೆ, ಮಾರಾಟದ ಮೇಲೆ ನಿಯಮ ಮಾಡೋ ಅಧಿಕಾರ ಕೊಡುತ್ತೆ, ಚರಸ್ ಬಿಟ್ಟು. ಆದರೆ ಕಲಂ 8 ಪ್ರಕಾರ ಅದೆಲ್ಲ ವೈದ್ಯಕೀಯ ಅಥವಾ ವೈಜ್ಞಾನಿಕ ಉದ್ದೇಶಕ್ಕೆ ಮಾತ್ರ. ನಾರು, ಬೀಜಕ್ಕಾಗಿ ಬೆಳೆಯೋದಾದರೆ ಕಲಂ 14 ಬೇರೆ ಬಾಗಿಲು ತೆರೆದಿಟ್ಟಿದೆ. ಉತ್ತರಾಖಂಡ 2018ರಲ್ಲಿ ಕೈಗಾರಿಕಾ ಹೆಂಪ್‌ಗೆ (ನಶೆಯ ಅಂಶ ತೀರಾ ಕಡಿಮೆ ಇರೋ ಗಾಂಜಾ ಗಿಡ) ಪರವಾನಗಿ ಕೊಟ್ಟಿದ್ದು ಆ ಬಾಗಿಲಿಂದಲೇ.

ಎರಡನೇದು ವ್ಯಾಖ್ಯೆ. ಎಲ್ಲಾ ಗಲಾಟೆ ಇರೋದು ಅಲ್ಲೇ. ಕಲಂ 2ರ ಪ್ರಕಾರ ಗಾಂಜಾ ಅಂದರೆ ಹೂಬಿಟ್ಟ ಅಥವಾ ಕಾಯಿಕಟ್ಟಿದ ತುದಿ. ತುದಿಯ ಜೊತೆ ಇಲ್ಲದ ಎಲೆ ಮತ್ತು ಬೀಜ ಗಾಂಜಾ ಅಲ್ಲ. ಚರಸ್ ಅಂದರೆ ಬೇರ್ಪಡಿಸಿದ ಅಂಟು. ಬರೀ ಎಲೆಯಿಂದ ಮಾಡಿದ ಭಂಗಿ ಈ ಎರಡರಲ್ಲಿ ಎಲ್ಲೂ ಬರಲ್ಲ. ಈ ವ್ಯಾಖ್ಯೆ 1961ರ ವಿಶ್ವಸಂಸ್ಥೆ ಒಪ್ಪಂದದಿಂದ ಹೆಚ್ಚೂಕಡಿಮೆ ಹಾಗೇ ಇಳಿದು ಬಂದಿದ್ದು.

ಬಿಸಿಲೂರು
ಅದಕ್ಕ ನಾವು ಹೇಳೂದು, ಭಂಗಿ ಬ್ಯಾರೆ ಗಾಂಜಾ ಬ್ಯಾರೆ. ಯಾದಗಿರಿ ಜಿಲ್ಲಾದ ತಿಂಥಣಿ ಮೌನೇಶ್ವರನ ಜಾತ್ರಿಯೊಳಗ ಭಕ್ತರು ಚಿಲುಮಿ ಸೇದೂದು ಪೇಪರಿನಾಗೂ ಬಂದದ. ಶರಣರ, ಅವಧೂತರ ಪರಂಪರಾದಾಗ ಅದು ನಶಾ ಅಲ್ಲ, ಧ್ಯಾನಕ್ಕ ಅಂತಾರ. ಕಾಯ್ದೆದಾಗ ಅದಕ್ಕೇನರ ಜಾಗ ಅದ ಏನು?

ಕರಿಕೋಟು
ಬಿಸಿಲೂರು ಅಣ್ಣ, ಧಾರ್ಮಿಕ ಬಳಕೆಗೆ ಅಂತ ವಿನಾಯಿತಿ ಕಾಯ್ದೆಯಲ್ಲಿ ಇಲ್ಲ. ಚಿಲುಮೆಗೆ ಹಾಕೋದು ತುದಿ, ಎಲೆ ಅಲ್ಲ. ಹಾಗಾಗಿ ಅದು ಗಾಂಜಾನೇ, ಮಠದಲ್ಲಿದ್ದರೂ ಬಸ್ ಸ್ಟ್ಯಾಂಡಲ್ಲಿದ್ದರೂ ಒಂದೇ ಕಲಂ.

ಹೊಸನಗರದವ
ಹೈಕೋರ್ಟ್ ಭಂಗಿ ತಪ್ಪಲ್ಲ ಅಂತ ತೀರ್ಪು ಕೊಟ್ಟಿದೆಯಲ್ಲ? ಮತ್ಯಾಕೆ ಹಿಡೀತಾರೆ?

ಕರಿಕೋಟು
ಅದು ತೀರ್ಪಲ್ಲ, ಜಾಮೀನು ಆದೇಶ. 2022ರ ಆಗಸ್ಟ್, ಕರ್ನಾಟಕ ಹೈಕೋರ್ಟ್. ಬೇಗೂರು ಪೊಲೀಸರ ಪ್ರಕರಣ: 29 ಕೆಜಿ ಭಂಗಿ, ಜೊತೆಗೆ 400 ಗ್ರಾಂ ಗಾಂಜಾ. ಎನ್‌ಡಿಪಿಎಸ್ ವ್ಯಾಖ್ಯೆಯಲ್ಲಿ ಭಂಗಿ ಇಲ್ಲ, ಅದನ್ನ ಗಾಂಜಾ ಅಥವಾ ಚರಸ್‌ನಿಂದ ಮಾಡಿದ್ದು ಅನ್ನೋದಕ್ಕೆ ವೈಜ್ಞಾನಿಕ ದಾಖಲೆ ಮುಂದಿಟ್ಟಿಲ್ಲ, 400 ಗ್ರಾಂ ಗಾಂಜಾ ಸಣ್ಣ ಪ್ರಮಾಣ. ಇಷ್ಟರ ಮೇಲೆ ಜಾಮೀನು ಸಿಕ್ಕಿತು. ಪೊಟ್ಟಣದ ಮೇಲೆ ಭಂಗಿ ಅಂತ ಬರೆದ ಮಾತ್ರಕ್ಕೆ ರಕ್ಷಣೆ ಸಿಗಲ್ಲ. ಒಳಗೆ ಹೂವಿನ ತುದಿ ಪುಡಿಯಾಗಿ ಸೇರಿದ್ದರೆ ಪ್ರಕರಣ ಪೂರ್ತಿ ಬದಲಾಗುತ್ತೆ.

ಇನ್ನೊಂದು ಮಾತು. ಉತ್ತರ ಪ್ರದೇಶ, ರಾಜಸ್ಥಾನದಲ್ಲಿ ಭಾಂಗ್ ಅಂಗಡಿ ಇರೋದು ಅಲ್ಲಿನ ಅಬಕಾರಿ ಪರವಾನಗಿ ಮೇಲೆ. ಎನ್‌ಡಿಪಿಎಸ್ ಬಿಟ್ಟದ್ದನ್ನ ರಾಜ್ಯದ ಅಬಕಾರಿ ಕಾನೂನು ಹಿಡಿಯಬಹುದು. ಪರವಾನಗಿ ಇಲ್ಲದೆ ಇಲ್ಲಿ ಚಾಕಲೇಟ್ ಮಾಡಿ ಮಾರಿದರೆ ಹೈಕೋರ್ಟ್ ಆದೇಶ ತೋರಿಸಿ ಪಾರಾಗೋಕೆ ಆಗಲ್ಲ.

ಸೂಕ್ಷ್ಮದರ್ಶಕ
ಪುಡಿಯಾದ ಮೇಲೆ ಪತ್ತೆ ಹೇಗೆ ಅಂತ ಕೇಳಬಹುದು. ಪ್ರಯೋಗಾಲಯದಲ್ಲಿ ಮೊದಲು ಮೈಕ್ರೋಸ್ಕೋಪ್ ಕೆಳಗೆ ಎಲೆಯ ಮೇಲಿನ ಕೂದಲು ನೋಡ್ತಾರೆ. ಕರಡಿ ಉಗುರಿನಂತೆ ಬಾಗಿರುತ್ತೆ, ಬುಡದಲ್ಲಿ ಸುಣ್ಣದ ಹರಳು ಇರುತ್ತೆ. ಹನಿ ಆಮ್ಲ ಹಾಕಿದರೆ ಗುಳ್ಳೆ ಬರುತ್ತೆ. ಆಮೇಲೆ ಡುಕೆನ್ವಾ ಬಣ್ಣದ ಪರೀಕ್ಷೆ: ನೇರಳೆ ಬಣ್ಣ ಬಂದು, ಅದು ಕ್ಲೋರೋಫಾರ್ಮ್ ಪದರಕ್ಕೆ ಇಳಿಯಬೇಕು. ಕೊನೆಗೆ ಟಿಎಲ್‌ಸಿ ಇಲ್ಲವೇ ಜಿಸಿಎಂಎಸ್, ಅಂದರೆ ಒಳಗಿನ ರಾಸಾಯನಿಕಗಳನ್ನ ಬೇರ್ಪಡಿಸಿ ಗುರುತಿಸೋ ಪರೀಕ್ಷೆ.

ಇದರಲ್ಲಿ ಗೊತ್ತಾಗೋದು ‘ಟಿಎಚ್‌ಸಿ (ನಶೆ ಏರಿಸೋ ರಾಸಾಯನಿಕ) ಇದೆ’ ಅನ್ನೋದು. ಎಷ್ಟು ಶೇಕಡಾ ಅಂತ ಬರೆಯೋ ಅಗತ್ಯವನ್ನ ಕಾನೂನು ಹುಟ್ಟುಹಾಕೇ ಇಲ್ಲ. ಎಲೆಯಲ್ಲೂ ಟಿಎಚ್‌ಸಿ ಇರೋದರಿಂದ ಬಣ್ಣದ ಪರೀಕ್ಷೆ ಎಲೆ ಯಾವುದು ತುದಿ ಯಾವುದು ಅಂತ ಹೇಳಲ್ಲ. ಹೂವಿನ ಭಾಗ ಕಣ್ಣಿಗೆ ಕಾಣಿಸಿದ್ದು ವರದಿಯಲ್ಲಿ ಬಂದಿಲ್ಲ ಅಂದ್ರೆ ವಕೀಲರು ಹಿಡಿಯೋದು ಅದನ್ನೇ.

ಅಕ್ಕಡಿಸಾಲು
ತೂಕದ ಕಥೆ ಯಾರೂ ಹೇಳಲಿಲ್ಲ. ಹನೂರು, ಕೊಳ್ಳೇಗಾಲದ ಕಡೆ, ಬೀದರ್ ಕಲಬುರಗಿ ಕಡೆ ಮೆಕ್ಕೆಜೋಳದ ಸಾಲಲ್ಲಿ, ತೊಗರಿ, ಹತ್ತಿ, ಅರಿಶಿಣದ ನಡುವೆ ಗಿಡ ಹಾಕಿರ್ತಾರೆ. ದಾಳಿಯಲ್ಲಿ ಬೇರುಸಹಿತ ಕಿತ್ತು, ಮಣ್ಣು ಕೊಡವಿದಷ್ಟು ಕೊಡವಿ, ಕಾಂಡ ಎಲೆ ಎಲ್ಲ ಸೇರಿಸಿ ಹಸಿಯಾಗೇ ತೂಗ್ತಾರೆ. ಹಸಿ ಗಿಡ ಒಣಗಿದರೆ ಮುಕ್ಕಾಲು ಭಾಗ ತೂಕ ಹೋಗುತ್ತೆ. 30 ಕೆಜಿ ಹಸಿ ಅಂದರೆ ಒಣಗಿದಾಗ ಏಳು ಕೆಜಿ ಆಸುಪಾಸು, ಅದರಲ್ಲಿ ಕಾಂಡ ಬೇರು ತೆಗೆದರೆ ತುದಿ ಇನ್ನೂ ಕಡಿಮೆ. ಪಂಚನಾಮೆಯಲ್ಲಿ 30 ಅಂತ ಬರೆದ ತಕ್ಷಣ ಅದು ವಾಣಿಜ್ಯ ಪ್ರಮಾಣ, ಜಾಮೀನು ಕಷ್ಟ.

ಕರಿಕೋಟು
ಸರಿಯಾಗಿ ಹೇಳಿದ್ರಿ. ಪಟ್ಟಿ ಇಲ್ಲಿದೆ. ಗಾಂಜಾ: 1 ಕೆಜಿವರೆಗೆ ಸಣ್ಣ ಪ್ರಮಾಣ, 20 ಕೆಜಿ ಮೇಲೆ ವಾಣಿಜ್ಯ. ಚರಸ್: 100 ಗ್ರಾಂ ಮತ್ತು 1 ಕೆಜಿ. 2001ರ ಅಧಿಸೂಚನೆ. ಶಿಕ್ಷೆ: ಸಣ್ಣದಕ್ಕೆ 1 ವರ್ಷದವರೆಗೆ ಜೈಲು ಅಥವಾ 10 ಸಾವಿರದವರೆಗೆ ದಂಡ ಅಥವಾ ಎರಡೂ. ಮಧ್ಯದ್ದಕ್ಕೆ 10 ವರ್ಷದವರೆಗೆ, 1 ಲಕ್ಷದವರೆಗೆ. ವಾಣಿಜ್ಯಕ್ಕೆ 10ರಿಂದ 20 ವರ್ಷ, 1ರಿಂದ 2 ಲಕ್ಷ. ವಾಣಿಜ್ಯ ಪ್ರಮಾಣ ಅಂದರೆ ಕಲಂ 37 ಬರುತ್ತೆ: ಆರೋಪಿ ತಪ್ಪಿತಸ್ಥನಲ್ಲ ಅಂತ ನಂಬೋಕೆ ಕಾರಣ ಇದೆ, ಹೊರಗೆ ಬಂದು ಮತ್ತೆ ತಪ್ಪು ಮಾಡಲ್ಲ ಅಂತ ಎರಡೂ ನ್ಯಾಯಾಧೀಶರಿಗೆ ಮನದಟ್ಟಾಗಬೇಕು.

ಆದರೆ ಅಕ್ಕಡಿಸಾಲು ಅವರೇ, ಬೆಳೆಗೆ ಗ್ರಾಂ ಲೆಕ್ಕವೇ ಇಲ್ಲ. ಕಲಂ 20(ಎ): ಗಿಡ ಬೆಳೆದರೆ 10 ವರ್ಷದವರೆಗೆ, ಒಂದೇ ಗಿಡ ಆದರೂ ಅದೇ ಕಲಂ. ತೂಕದ ಜಗಳ ಮುಖ್ಯ ಆಗೋದು ಪೊಲೀಸರು ಬೆಳೆ ಜೊತೆ ದಾಸ್ತಾನು ಅಂತಲೂ ಸೇರಿಸಿದಾಗ.

ಅಕ್ಕಡಿಸಾಲು
ಅದೇ ನನ್ನ ಸಿಟ್ಟು. ಹಿತ್ತಲಲ್ಲಿ ನಾಲ್ಕು ಗಿಡ ಇಟ್ಟವನಿಗೂ ಎರಡು ಎಕರೆ ಹಾಕಿದವನಿಗೂ ಒಂದೇ ಗರಿಷ್ಠ ಶಿಕ್ಷೆ. ಜಮೀನು ಗುತ್ತಿಗೆಗೆ ಕೊಟ್ಟ ರೈತರಿಗೂ ಇದು ಗೊತ್ತಿರಲಿ: ಕಲಂ 46 ಪ್ರಕಾರ ತನ್ನ ಜಮೀನಲ್ಲಿ ಅಕ್ರಮ ಗಿಡ ಇದೆ ಅಂತ ತಿಳಿದೂ ಮಾಹಿತಿ ಕೊಡದೆ ಇದ್ದರೆ ಜಮೀನಿನವನೂ ಶಿಕ್ಷೆಗೆ ಗುರಿ. ಗುತ್ತಿಗೆ ಬಾಯಿಮಾತಿನದು, ಪಹಣಿಯಲ್ಲಿ ಯಜಮಾನನ ಹೆಸರೇ, ಪೊಲೀಸರು ಮೊದಲು ಬಾಗಿಲು ತಟ್ಟೋದು ಅವನದ್ದೇ. ಗುತ್ತಿಗೆಗೆ ಕೊಡೋರು ಬರಹದಲ್ಲಿ ಕರಾರು ಮಾಡಿ, ಬೆಳೆ ಹೆಸರು ಬರೆಸಿ, ಪೈರು ಎದೆಮಟ್ಟ ಬಂದಾಗ ಸಾಲಿನ ಒಳಗೆ ಇಳಿದು ನೋಡಿ. ಬದುವಿನ ಮೇಲೆ ನಿಂತು ನೋಡಿದರೆ ಮೆಕ್ಕೆಜೋಳ ಬಿಟ್ಟು ಏನೂ ಕಾಣಲ್ಲ.

ಗಡಿನಾಡು
ಇಷ್ಟೆಲ್ಲ ಕನಿಕರ ಯಾಕೆ? ಬೆಂಗಳೂರಿಗೆ ಬರೋ ಗಾಂಜಾದಲ್ಲಿ ಬಹುಪಾಲು ಆಂಧ್ರ ಒಡಿಶಾ ಗಡಿಯ ಬೆಟ್ಟದಿಂದ. ಅದರ ಹಿಂದೆ ದೊಡ್ಡ ಜಾಲ ಇದೆ. ಕಾನೂನು ಸಡಿಲ ಮಾಡಿದರೆ ಅದೇ ಜಾಲ ಅಂಗಡಿ ತೆರೆಯುತ್ತೆ.

ನೀಲಗಿರಿ ತೋಪು
ಗಡಿನಾಡು ಸರ್, ಜಾಲದವರಿಗೆ ಈಗಿನ ಕಾನೂನು ಚೆನ್ನಾಗೇ ಒಗ್ಗಿದೆ. ಚಿಲ್ಲರೆ ಮಾರೋನು ಚೀಲದಲ್ಲಿ 900 ಗ್ರಾಂ ಮೇಲೆ ಇಡಲ್ಲ. ಒಂದು ಸುರುಳಿಗೆ ಅರ್ಧ ಗ್ರಾಂ ಅಂದರೂ ಅದು 1800 ಸುರುಳಿ, ಕಾನೂನಿನ ಕಣ್ಣಲ್ಲಿ ‘ಸಣ್ಣ ಪ್ರಮಾಣ’. ಅರ್ಧ ಗ್ರಾಂ ಸೇದಿದ ಹುಡುಗನೂ ಅದೇ ‘ಸಣ್ಣ ಪ್ರಮಾಣ’ದ ಸಾಲಲ್ಲೇ. ಅವನಿಗೆ ಕಲಂ 27, ಆರು ತಿಂಗಳವರೆಗೆ ಜೈಲು ಅಥವಾ 10 ಸಾವಿರದವರೆಗೆ ದಂಡ.

ಇನ್ನೂ ದೊಡ್ಡ ತೂತು ಇದೆ. ಥಾಯ್ಲೆಂಡ್ 2022ರ ಜೂನ್‌ನಲ್ಲಿ ಗಾಂಜಾವನ್ನ ಮಾದಕ ಪಟ್ಟಿಯಿಂದ ತೆಗೆದ ಮೇಲೆ ‘ಹೈಡ್ರೋ ಗಾಂಜಾ’ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಪದೇ ಪದೇ ಸಿಗ್ತಾ ಇದೆ. ದೀಪದ ಕೆಳಗೆ ಬೆಳೆದ ಅದರಲ್ಲಿ ಟಿಎಚ್‌ಸಿ ಶೇ 20ರವರೆಗೂ ಹೋಗುತ್ತೆ. ಹೊಲದ ಗಾಂಜಾದಲ್ಲಿ ಶೇ 4 ಅಂತ ಇಟ್ಟುಕೊಳ್ಳಿ. ಒಂದು ಕೆಜಿ ಹೈಡ್ರೋದಲ್ಲಿ 200 ಗ್ರಾಂ ಟಿಎಚ್‌ಸಿ, ಹೊಲದ್ದರಲ್ಲಿ 40 ಗ್ರಾಂ. ಎರಡಕ್ಕೂ ಒಂದೇ ಶಿಕ್ಷೆ! ತೂಕ ನೋಡೋ ಕಾನೂನು ಶಕ್ತಿ ನೋಡಲ್ಲ. ತಿದ್ದೋದಾದರೆ ಮೊದಲು ತಿದ್ದಬೇಕಾದ್ದು ಇದು.

ಸೂಕ್ಷ್ಮದರ್ಶಕ
ಹೇಳೋಕೆ ಸುಲಭ. ಶೇಕಡಾವಾರು ಅಳೆಯಬೇಕಾದರೆ ಪ್ರತಿ ಮಾದರಿಗೂ ಸ್ಟ್ಯಾಂಡರ್ಡ್ (ಪ್ರಮಾಣ ಗೊತ್ತಿರೋ ಮಾದರಿ) ಇಟ್ಟು ಜಿಸಿ ಅಥವಾ ಎಚ್‌ಪಿಎಲ್‌ಸಿ ಯಂತ್ರ ಓಡಿಸಬೇಕು. ಈಗ ಗಾಂಜಾ ಪೊಟ್ಟಣಗಳು ಒಂದೇ ಥರ ಇದ್ದರೆ 40ರವರೆಗೆ ಒಂದು ಲಾಟ್ ಮಾಡಿ, ಅದರಿಂದ 24 ಗ್ರಾಂ ಮಾದರಿ ತೆಗೀತಾರೆ. ಹಸಿ ಇದ್ದದ್ದನ್ನ ಪ್ಲಾಸ್ಟಿಕ್‌ಗೆ ಹಾಕಿ ಸೀಲ್ ಮಾಡಿದರೆ ಬೂಷ್ಟು ಬರುತ್ತೆ. ತಡವಾಗಿ ತೆರೆದರೆ ಟಿಎಚ್‌ಸಿ ನಿಧಾನಕ್ಕೆ ಸಿಬಿಎನ್ ಅನ್ನೋ ಬೇರೆ ರಾಸಾಯನಿಕ ಆಗಿ ಬದಲಾಗಿರುತ್ತೆ, ಬೆಳಕು ಶಾಖ ಇದ್ದರೆ ಇನ್ನೂ ಬೇಗ. ಒಂದು ವರ್ಷ ಮಾಲ್‌ಖಾನೆಯಲ್ಲಿ ಬಿದ್ದ ಮಾದರಿಯ ಶೇಕಡಾ ಮೇಲೆ ಯಾರನ್ನಾದರೂ ಹತ್ತು ವರ್ಷ ಒಳಗೆ ಹಾಕ್ತೀರಾ?

ನೀಲಗಿರಿ ತೋಪು
ಹಸಿದನ್ನ ತೂಗಿ ಹಾಕ್ತಾ ಇದ್ದೀವಲ್ಲ ಈಗ, ಅದಕ್ಕಿಂತ ಅನ್ಯಾಯವಾ?

ಕರಿಕೋಟು
ಮಾದರಿ ವಿಷಯ ಬಂದಿದ್ದಕ್ಕೆ: ಸುಪ್ರೀಂ ಕೋರ್ಟಿನ 2016ರ ಮೋಹನ್‌ಲಾಲ್ ತೀರ್ಪಿನ ಮೇಲೆ ಮಾದರಿ ತೆಗೆಯಬೇಕಾದ್ದು ಮ್ಯಾಜಿಸ್ಟ್ರೇಟ್ ಮುಂದೆ, ಕಲಂ 52ಎ. ಸ್ಥಳದಲ್ಲೇ ತೆಗೆದು ಕಳಿಸಿದ ಪ್ರಕರಣಗಳು ಕೋರ್ಟಿನಲ್ಲಿ ಸೊರಗೋದು ಇಲ್ಲೇ. ಕಲಂ 50 ಬಗ್ಗೆ ತಪ್ಪು ತಿಳಿವಳಿಕೆ ಜಾಸ್ತಿ. ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಮುಂದೆ ಶೋಧ ಮಾಡಿ ಅನ್ನೋ ಹಕ್ಕು ಮೈ ತಪಾಸಣೆಗೆ ಮಾತ್ರ. ಕೈಯಲ್ಲಿರೋ ಚೀಲಕ್ಕೆ, ಬೈಕಿನ ಡಿಕ್ಕಿಗೆ ಅದು ಅನ್ವಯಿಸಲ್ಲ.

ಮನೋವೈದ್ಯೆ
ಕಾನೂನಿನವರು ಗ್ರಾಂ ಲೆಕ್ಕದಲ್ಲೇ ಸುತ್ತುತ್ತಿದ್ದೀರಿ, ಸೇದುವವರ ವಯಸ್ಸಿನ ಕಡೆ ಬನ್ನಿ. ವಯಸ್ಕರಾದ ಮೇಲೆ ಅಪರೂಪಕ್ಕೆ ಸೇದಿದವರಿಗೂ 15ರ ವಯಸ್ಸಿನಲ್ಲಿ ದಿನಾ ಶುರು ಮಾಡಿದವರಿಗೂ ಅಪಾಯ ಒಂದೇ ಅಲ್ಲ. ಹದಿಹರೆಯದಲ್ಲಿ ಶುರು ಮಾಡಿದವರಲ್ಲಿ ಸುಮಾರು ಆರರಲ್ಲಿ ಒಬ್ಬರು ಅವಲಂಬನೆಗೆ ಬೀಳುತ್ತಾರೆ. ಮನೆತನದಲ್ಲಿ ಸ್ಕಿಜೋಫ್ರೇನಿಯಾ ಇದ್ದರೆ ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ಸ್ಥಿತಿ) ಅಪಾಯ ಇನ್ನೂ ಹೆಚ್ಚು, ಟಿಎಚ್‌ಸಿ ಪ್ರಬಲವಾದಷ್ಟೂ ಹೆಚ್ಚು. ‘ಗಾಂಜಾ ಚಟ ಹತ್ತಲ್ಲ’ ಅನ್ನುವುದು ಸುಳ್ಳು. ಬಿಟ್ಟ ಮೇಲೆ ಒಂದರಿಂದ ಮೂರು ದಿನದೊಳಗೆ ಸಿಡುಕು, ನಿದ್ದೆಗೇಡು, ಊಟ ಸೇರದಿರುವುದು ಶುರುವಾಗುತ್ತದೆ, ಮೊದಲ ವಾರ ಜೋರು, ಎರಡು ವಾರಕ್ಕೆ ಇಳಿಯುತ್ತದೆ. ಅದನ್ನು ತಡೆಯಲಾರದೆ ಮತ್ತೆ ಶುರು ಮಾಡುತ್ತಾರೆ. ದಿನಾ ಸೇದುವವರಲ್ಲಿ ಕೆಲವರಿಗೆ ನಿಲ್ಲದ ವಾಂತಿ ಬರುತ್ತದೆ, ಬಿಸಿ ನೀರಿನ ಸ್ನಾನ ಮಾಡಿದಾಗಷ್ಟೇ ಸಮಾಧಾನ. ಹೊಟ್ಟೆ ಡಾಕ್ಟರ ಹತ್ತಿರ ಸುತ್ತಿ ಸುತ್ತಿ ಕೊನೆಗೆ ಕಾರಣ ತಿಳಿಯುತ್ತದೆ.

ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ದೇಶದಲ್ಲಿ ಸುಮಾರು 3.1 ಕೋಟಿ ಜನ ಹಿಂದಿನ ಒಂದು ವರ್ಷದಲ್ಲಿ ಭಾಂಗ್, ಗಾಂಜಾ ಅಥವಾ ಚರಸ್ ಬಳಸಿದ್ದರು. ಗಾಂಜಾ ಚರಸ್ 1.3 ಕೋಟಿ, ಭಾಂಗ್ 2.2 ಕೋಟಿ; ಎರಡೂ ಬಳಸಿದವರು ಎರಡೂ ಲೆಕ್ಕದಲ್ಲಿದ್ದಾರೆ. ನೆರವು ಬೇಕಾದವರು ಸುಮಾರು 72 ಲಕ್ಷ. ಅಷ್ಟು ಜನಕ್ಕೆ ಹಾಸಿಗೆ ಎಲ್ಲಿದೆ ಅನ್ನುವುದು ನನ್ನ ಪ್ರಶ್ನೆ, ಅಂಗಡಿ ಎಲ್ಲಿ ಅನ್ನುವುದಲ್ಲ.

ಬಿಸಿಲೂರು
ಮೇಡಂ, ಭಂಗಿ ಕುಡದವ್ರು ಹೋಳಿ ಹುಣ್ಣಿವಿ ದಿನ ದವಾಖಾನಿಗೆ ಬರೂದು ಯಾಕ? ಎಲಿ ಸೌಮ್ಯ ಅಂತೀರಿ ಮತ್ತ.

ಮನೋವೈದ್ಯೆ
ಸೌಮ್ಯ ಅಂದವಳು ನಾನಲ್ಲ! ಸೇದಿದರೆ ನಿಮಿಷಗಳಲ್ಲಿ ಏರುತ್ತದೆ. ಕುಡಿದರೆ ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು, ಯಕೃತ್ತಿನಲ್ಲಿ ಇನ್ನೂ ಪ್ರಬಲ ರೂಪಕ್ಕೆ ತಿರುಗುತ್ತದೆ. ‘ಏನೂ ಆಗಲಿಲ್ಲವಲ್ಲ’ ಅಂತ ಮುಕ್ಕಾಲು ಗಂಟೆಗೆ ಎರಡನೇ ಲೋಟ ಕುಡಿಯುತ್ತಾರೆ, ಎರಡೂ ಒಟ್ಟಿಗೆ ಏರುತ್ತವೆ. ಎದೆಬಡಿತ, ಸಾಯುತ್ತೇನೆ ಅನ್ನುವ ಭಯ, ವಾಂತಿ. ಒಬ್ಬರೇ ಬಿಡಬೇಡಿ, ಮಂದ ಬೆಳಕಿನ ಕೋಣೆಯಲ್ಲಿ ಪಕ್ಕಕ್ಕೆ ಮಲಗಿಸಿ. ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಎಚ್ಚರ ತಪ್ಪಿದರೆ, ಎದೆನೋವು ಅಂದರೆ, ಅಥವಾ ಮಗು ತಿಂದಿದ್ದರೆ ತಡಮಾಡದೆ ಆಸ್ಪತ್ರೆ. ಮಕ್ಕಳಿಗೆ ಭಂಗಿ ಚಾಕಲೇಟ್ ನಿಜಕ್ಕೂ ಅಪಾಯ.

ಟೊರೊಂಟೊ ಕನ್ನಡಿಗ
ಕೆನಡಾದಲ್ಲಿ ತಿನ್ನುವ ಪದಾರ್ಥಕ್ಕೆ ಪ್ಯಾಕೆಟ್‌ಗೆ 10 ಮಿಲಿಗ್ರಾಂ ಟಿಎಚ್‌ಸಿ ಮಿತಿ ಇಟ್ಟಿರೋದು ಮೇಡಂ ಹೇಳಿದ ಕಾರಣಕ್ಕೇ. ಒಬ್ಬರು ಇಡೀ ಪ್ಯಾಕೆಟ್ ತಿಂದರೂ ಅಷ್ಟೇ. ಇಲ್ಲಿ 2018ರ ಅಕ್ಟೋಬರ್ 17ರಿಂದ ಕಾನೂನುಬದ್ಧ, ಸಾರ್ವಜನಿಕವಾಗಿ 30 ಗ್ರಾಂವರೆಗೆ ಇಟ್ಟುಕೊಳ್ಳಬಹುದು, ಹೆಚ್ಚಿನ ಪ್ರಾಂತ್ಯಗಳಲ್ಲಿ ಮನೆಗೆ ನಾಲ್ಕು ಗಿಡ. ಎಡವಿದ್ದು ತೆರಿಗೆಯಲ್ಲಿ. ಗ್ರಾಂಗೆ 1 ಡಾಲರ್ ಅಥವಾ ಶೇ 10, ಯಾವುದು ಹೆಚ್ಚೋ ಅದು. ಗ್ರಾಂ ಬೆಲೆ 10 ಡಾಲರ್ ಇದ್ದರೆ ಆ ಲೆಕ್ಕ ಸರಿ. ಬೆಲೆ ಬಿತ್ತು, ತೆರಿಗೆ ಅಲ್ಲೇ ನಿಂತಿತು. ಸಣ್ಣ ಬೆಳೆಗಾರರು ಮುಳುಗಿದರು. ಕದ್ದು ಮಾರೋನಿಗೆ ಆ ತೆರಿಗೆ ಇಲ್ಲ, ಅವನು ಉಳಿದ.

ಗಡಿನಾಡು
ನೋಡಿ, ಕಾನೂನುಬದ್ಧ ಮಾಡಿದರೂ ಕಳ್ಳಮಾರುಕಟ್ಟೆ ಹೋಗಲ್ಲ ಅಂತ ನೀವೇ ಹೇಳಿದಿರಿ.

ಟೊರೊಂಟೊ ಕನ್ನಡಿಗ
ಹೋಗಿಲ್ಲ, ಕುಗ್ಗಿದೆ. ಎರಡೂ ಬೇರೆ ಮಾತು. ಅಂಗಡಿ ಬೇಡ ಅನ್ನೋರು ಜರ್ಮನಿ ನೋಡಿ. 2024ರ ಏಪ್ರಿಲ್ 1ರಿಂದ: ಹೊರಗೆ 25 ಗ್ರಾಂ, ಮನೆಯಲ್ಲಿ 50 ಗ್ರಾಂ, ಮೂರು ಗಿಡ. ಅಂಗಡಿ ಇಲ್ಲ, 500 ಸದಸ್ಯರವರೆಗಿನ ಬೆಳೆಗಾರರ ಸಂಘ, ತಿಂಗಳಿಗೆ ತಲೆಗೆ 50 ಗ್ರಾಂ. 18ರಿಂದ 21 ವಯಸ್ಸಿನವರಿಗೆ ತಿಂಗಳಿಗೆ 30 ಗ್ರಾಂ, ಅದೂ ಶೇ 10 ಟಿಎಚ್‌ಸಿ ಮೀರಬಾರದು. ಲಾಭಕ್ಕೆ ಮಾರೋ ಕಂಪನಿ ಇಲ್ಲದಿದ್ದರೆ ಜಾಹೀರಾತೂ ಇಲ್ಲ.

ನೀಲಗಿರಿ ತೋಪು
ಥಾಯ್ಲೆಂಡ್ ಪಾಠ ಉಲ್ಟಾ. ನಿಯಂತ್ರಣದ ಕಾಯ್ದೆ ಪಾಸಾಗೋ ಮೊದಲೇ ಪಟ್ಟಿಯಿಂದ ತೆಗೆದರು. ಸಾವಿರಾರು ಅಂಗಡಿ ಎದ್ದವು. 2025ರ ಜೂನ್‌ನಲ್ಲಿ ವಾಪಸ್ ವೈದ್ಯರ ಚೀಟಿ ಕಡ್ಡಾಯ ಮಾಡಿದರು.

ಹೊಸನಗರದವ
ಹೆಂಪ್ ಬೆಳೆದರೆ ಎಕರೆಗೆ ಲಕ್ಷಗಟ್ಟಲೆ ಅಂತ ಯೂಟ್ಯೂಬ್‌ನಲ್ಲಿ ಬರ್ತಿದೆ. ಮಲೆನಾಡಲ್ಲಿ ಆಗುತ್ತಾ?

ಅಕ್ಕಡಿಸಾಲು
ದಯವಿಟ್ಟು ಆ ವಿಡಿಯೋ ನಂಬಿ ಬೀಜ ತರಿಸಬೇಡಿ ತಮ್ಮ. ಇಲ್ಲಿ ಪರವಾನಗಿ ಇಲ್ಲದೆ ಹಾಕಿದರೆ ಅದು ಕಲಂ 20(ಎ), ಹೆಂಪ್ ಅನ್ನೋ ಹೆಸರು ಉಳಿಸಲ್ಲ.

ಪರವಾನಗಿ ಇರೋ ಕಡೆಯೂ ಕಷ್ಟ ಇದೆ. ಉತ್ತರಾಖಂಡದ ಮಿತಿ ಶೇ 0.3 ಟಿಎಚ್‌ಸಿ. ಗಿಡದಲ್ಲಿ ಗಂಡು ಹೆಣ್ಣು ಬೇರೆ ಬೇರೆ, ಪರಾಗ ಗಾಳಿಯಲ್ಲಿ ಕಿಲೋಮೀಟರ್‌ಗಟ್ಟಲೆ ಹೋಗುತ್ತೆ. ಹಿಮಾಲಯದ ಕಡೆ ಕಾಡು ಭಾಂಗ್ ಎಲ್ಲೆಲ್ಲೂ ಇದೆ. ಅದರ ಪರಾಗ ಬಿದ್ದ ಬೀಜವನ್ನ ಮುಂದಿನ ವರ್ಷ ಬಿತ್ತಿದರೆ ಶೇಕಡಾ ಮಿತಿ ದಾಟುತ್ತೆ. ಹೂ ಬಲಿತಷ್ಟೂ ಟಿಎಚ್‌ಸಿ ಏರುತ್ತೆ, ಹಾಗಾಗಿ ಕಟಾವು ಒಂದೆರಡು ವಾರ ತಡವಾದರೂ ದಾಟಬಹುದು. ದಾಟಿದ ಬೆಳೆ ನಾಶ ಮಾಡಬೇಕು. ಪ್ರತಿ ವರ್ಷ ಪ್ರಮಾಣಿತ ಬೀಜ ಕೊಳ್ಳಬೇಕು, ಕಟಾವಿನ ಮೊದಲೇ ಪರೀಕ್ಷೆ ಮಾಡಿಸಬೇಕು. ನಾರು ಬಿಡಿಸೋ ಯಂತ್ರ ಹತ್ತಿರದಲ್ಲಿ ಇಲ್ಲದಿದ್ದರೆ ಕಾಂಡ ಸಾಗಿಸೋ ಖರ್ಚೇ ಬೆಲೆ ತಿಂದುಹಾಕುತ್ತೆ. ಬೀಜದ ಮಾರುಕಟ್ಟೆ ಇದೆ, ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2021ರಲ್ಲಿ ಹೆಂಪ್ ಬೀಜ, ಎಣ್ಣೆ, ಹಿಟ್ಟನ್ನ ಆಹಾರ ಅಂತ ಒಪ್ಪಿದೆ. ಆದರೆ ಕರ್ನಾಟಕದ ರೈತನಿಗೆ ಅದರಿಂದ ಬೆಳೆಯೋ ಹಕ್ಕು ಬಂದಿಲ್ಲ.

ಹೊಸನಗರದವ
ಆನ್‌ಲೈನ್‌ನಲ್ಲಿ ‘ವಿಜಯಾ ಎಣ್ಣೆ’ ಸಿಗುತ್ತಲ್ಲ, ಅದು?

ಮನೋವೈದ್ಯೆ
ವಿಜಯಾ ಅಂದರೆ ಗಾಂಜಾ ಗಿಡಕ್ಕೆ ಆಯುರ್ವೇದದ ಹೆಸರು, ಆ ಎಣ್ಣೆ ಆಯುರ್ವೇದದ ಪರವಾನಗಿ ಮೇಲೆ ತಯಾರಾಗುವುದು. ಔಷಧ ನಿಯಮಗಳ ಇ(1) ಅನುಸೂಚಿಯಲ್ಲಿ ಭಾಂಗ್, ಗಾಂಜಾ ವಿಷ ಪದಾರ್ಥಗಳ ಸಾಲಿನಲ್ಲಿವೆ, ಅಂದರೆ ವೈದ್ಯರ ಮೇಲ್ವಿಚಾರಣೆಯಲ್ಲೇ ತೆಗೆದುಕೊಳ್ಳಬೇಕು. ಫೋನಿನಲ್ಲಿ ಎರಡು ನಿಮಿಷ ಮಾತಾಡಿ ಚೀಟಿ ಬರೆದುಕೊಡುವುದನ್ನು ನಾನು ಮೇಲ್ವಿಚಾರಣೆ ಅನ್ನುವುದಿಲ್ಲ. ರಕ್ತ ತೆಳುವಾಗುವ ಮಾತ್ರೆ, ಫಿಟ್ಸ್ ಮಾತ್ರೆ ತೆಗೆದುಕೊಳ್ಳುವವರು ತಮ್ಮ ಡಾಕ್ಟರಿಗೆ ಹೇಳದೆ ಮುಟ್ಟಬೇಡಿ.

ಗಡಿನಾಡು
ಸರಿ, ಗಾಡಿ ಓಡಿಸೋರ ಕಥೆ? ಮದ್ಯಕ್ಕೆ ಊದೋ ಯಂತ್ರ ಇದೆ. ಇದಕ್ಕೆ?

ಸೂಕ್ಷ್ಮದರ್ಶಕ
ಒಳ್ಳೆ ಪ್ರಶ್ನೆ, ಪರವಾಗಿ ಮಾತಾಡೋರು ತಪ್ಪಿಸಿಕೊಳ್ಳೋದು ಇದರಿಂದಲೇ. ಮೂತ್ರದಲ್ಲಿ ಸಿಗೋದು ಟಿಎಚ್‌ಸಿ ಅಲ್ಲ, ಅದು ಒಡೆದ ಮೇಲಿನ ಕಾರ್ಬಾಕ್ಸಿ ರೂಪ. ಅಪರೂಪಕ್ಕೆ ಸೇದಿದವರಲ್ಲಿ ಕೆಲ ದಿನ, ದಿನಾ ಸೇದೋರಲ್ಲಿ ವಾರಗಟ್ಟಲೆ ಇರುತ್ತೆ. ಪಾಸಿಟಿವ್ ಬಂದರೆ ‘ಯಾವತ್ತೋ ಒಳಗೆ ಹೋಗಿದೆ’ ಅಂತ ಅಷ್ಟೇ, ‘ಈಗ ನಶೆಯಲ್ಲಿದ್ದಾನೆ’ ಅಂತಲ್ಲ. ಸ್ಟ್ರಿಪ್ ಪರೀಕ್ಷೆಯ ಸಾಮಾನ್ಯ ಮಿತಿ ಮಿಲಿಲೀಟರ್‌ಗೆ 50 ನ್ಯಾನೋಗ್ರಾಂ, ಅದನ್ನ ಜಿಸಿಎಂಎಸ್‌ನಲ್ಲಿ ದೃಢಪಡಿಸದೆ ಬಿಡಬಾರದು. ಚಾಲಕರಿಗೆ ನೋಡಬೇಕಾದ್ದು ರಕ್ತದಲ್ಲಿನ ಟಿಎಚ್‌ಸಿ. ಜರ್ಮನಿ ಸೀರಮ್‌ನಲ್ಲಿ 3.5 ನ್ಯಾನೋಗ್ರಾಂ ಮಿತಿ ಇಟ್ಟಿದೆ. ರಸ್ತೆ ಬದಿಯಲ್ಲಿ ರಕ್ತ ತೆಗೆಯೋ ವ್ಯವಸ್ಥೆ ಇಲ್ಲದೆ ಅಂಗಡಿ ತೆರೆಯೋದನ್ನ ನಾನಂತೂ ಒಪ್ಪಲ್ಲ.

ತುಂಗಾತೀರ
ಇಷ್ಟು ಓದಿದ ಮೇಲೆ ನನಗನಿಸೋದು, ಅಂಗಡಿ ಪ್ರಶ್ನೆ ಈಗ ಬೇಡ. ಸೇದಿದವನನ್ನ ಜೈಲಿಂದ ಹೊರಗಿಡೋದು, ಒಣ ತುದಿಯನ್ನ ಮಾತ್ರ ತೂಗೋದು, ಬೆಳೆಗೂ ಪ್ರಮಾಣದ ಹಂತ ತರೋದು. ಇದಕ್ಕೆ ಯಾರಾದ್ರೂ ಅಡ್ಡ ಹೇಳ್ತೀರಾ?

ಗಡಿನಾಡು
ಮೊದಲನೇದಕ್ಕೆ ಹೇಳ್ತೀನಿ. ಭಯ ಹೋದರೆ ಕಾಲೇಜಿನ ಗೇಟಲ್ಲೇ ಸೇದ್ತಾರೆ.

ಕರಿಕೋಟು
ಗಡಿನಾಡು ಅವರೇ, ಜೈಲಿಂದ ಹೊರಗಿಡೋ ದಾರಿ ಈಗಲೇ ಕಾಯ್ದೆಯಲ್ಲಿದೆ, ಯಾರೂ ಬಳಸ್ತಿಲ್ಲ. ಕಲಂ 64ಎ: ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಇರೋ ಕೇಂದ್ರದಲ್ಲಿ ಚಿಕಿತ್ಸೆ ತೆಗೆದುಕೊಂಡರೆ ಕಲಂ 27 ಮತ್ತು ಸಣ್ಣ ಪ್ರಮಾಣದ ಪ್ರಕರಣದಲ್ಲಿ ವಿಚಾರಣೆ ಇಲ್ಲ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ವಾಪಸ್ ಹೋಗುತ್ತೆ. ಶಿಕ್ಷೆ ಆದ ಮೇಲೂ ಕಲಂ 39ರ ಅಡಿ ಜೈಲಿನ ಬದಲು ಚಿಕಿತ್ಸೆಗೆ ಕಳಿಸಬಹುದು. ಬಹಳ ಪ್ರಕರಣಗಳಲ್ಲಿ ಹುಡುಗ ತಪ್ಪೊಪ್ಪಿಕೊಂಡು ದಂಡ ಕಟ್ಟಿ ಮುಗಿಸಿಬಿಡ್ತಾನೆ, ಬೇಗ ಮುಗೀಲಿ ಅಂತ. ಅದು ಅಪರಾಧ ಸಾಬೀತಾದ ದಾಖಲೆ. ಪಾಸ್‌ಪೋರ್ಟ್, ವೀಸಾ, ಸರ್ಕಾರಿ ಕೆಲಸದ ಪೊಲೀಸ್ ಪರಿಶೀಲನೆಯಲ್ಲಿ ಎದ್ದು ಬರುತ್ತೆ.

ನೀಲಗಿರಿ ತೋಪು
64ಎ ಅರ್ಜಿ ಎಲ್ಲಿ ಹಾಕೋದು, ಯಾವಾಗ?

ಕರಿಕೋಟು
ಪ್ರಕರಣ ಬಾಕಿ ಇರೋ ಕೋರ್ಟಿನಲ್ಲೇ, ತಪ್ಪೊಪ್ಪಿಗೆಗೆ ಮುಂಚೆ. ದಾಖಲಾದ ಚೀಟಿ, ಚಿಕಿತ್ಸೆಯ ಅವಧಿ, ಹಾಜರಾತಿ ಜೊತೆಗಿರಲಿ. ಕೇಂದ್ರ ಮಾನ್ಯತೆ ಪಡೆದದ್ದಾ ಅಂತ ಮೊದಲೇ ಕೇಳಿಕೊಳ್ಳಿ, ಖಾಸಗಿ ಕೇಂದ್ರದ ಚೀಟಿ ತಂದು ನಿರಾಸೆ ಆಗೋರು ಇದ್ದಾರೆ.

ಮನೋವೈದ್ಯೆ
ಎಲ್ಲಿಗೆ ಹೋಗಬೇಕು ಗೊತ್ತಿಲ್ಲದವರು 14446ಕ್ಕೆ ಕರೆ ಮಾಡಿ, ಅದು ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ. ಬೆಂಗಳೂರಿನವರಿಗೆ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗ ಇದೆ. ಪ್ರಕರಣ ದಾಖಲಾಗುವವರೆಗೆ ಕಾಯುವ ಅಗತ್ಯವಿಲ್ಲ.